ಸೀಸೆಯೊಳಗಿನ ಸಂಸಾರ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಕಾಂಪೌಂಡಲ್ಲ, ಬೇಲಿ. ದಾಸವಾಳ, ಕಣಗಿಲೆ, ತಾನಾಗಿ ಹುಟ್ಟಿದ ಲಂಟಾನ, ಎಲ್ಲ ಸೇರಿ ಕಲಸುಮೇಲೋಗರ. ನಂಜನಗೂಡಿನಲ್ಲಿ ಈಗ ಬೇಲಿ ಉಳಿಸಿಕೊಂಡವರು ಕಡಿಮೆ. ನನಗೂ ಪಿಂಚಣಿ ಬರುತ್ತದೆ, ಪಕ್ಕದವನಿಗೂ ಬರುತ್ತದೆ. ಇಬ್ಬರೂ ಮನಸ್ಸು ಮಾಡಿದರೆ ಒಂದು ಗೋಡೆ ಎಬ್ಬಿಸುವುದು ಕಷ್ಟವಲ್ಲ. ಆದರೆ ಗೋಡೆಯ ಸಂದಿಯಿಂದ ಕಾಫಿ ಲೋಟ ದಾಟಿಸುವುದು ಹೇಗೆ? ಹಾಗಾಗಿ ಬೇಲಿ ಇದೆ, ಬೇಲಿಯಲ್ಲೊಂದು ಕಂಡಿ ಇದೆ, ಆ ಕಂಡಿಯ ಆಚೆ ದಿನಾ ಬೆಳಿಗ್ಗೆ ಆರೂವರೆಗೆ ಗಾರ್ಡಪ್ಪ ಇದ್ದಾನೆ.

ಅವನ ನಿಜವಾದ ಹೆಸರು ಬೇರೆ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವನು, ಬೀದಿಗೆಲ್ಲ ಗಾರ್ಡಪ್ಪ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು, ಅವನಿಗೆ ‘ಮೇಷ್ಟ್ರು’. ಕೋಪ ಬಂದಾಗ ಮಾತ್ರ ‘ಸ್ವಾಮಿ’. ಉಳಿದಂತೆ ‘ಸಾ’.

ನಾನು ಹೇಳಹೊರಟಿರುವುದು ಒಂದು ಸೆಂಟಿನ ಬಾಟಲಿಯ ಕತೆ. 2025ರ ಫೆಬ್ರವರಿಯಲ್ಲಿ ತಿರುಮಕೂಡಲಿನಲ್ಲಿ ಕುಂಭಮೇಳ ನಡೆಯಿತಲ್ಲ, 10ರಿಂದ 12ರವರೆಗೆ, ಆಗ ಫ್ರಾನ್ಸಿನಲ್ಲಿರುವ ನಮ್ಮ ಮಗಳು ಬಂದಿದ್ದಳು. ಅವಳ ತಾಯಿಯ ತವರು ತಿ. ನರಸೀಪುರ. ನಮ್ಮೂರಿನ ಕಪಿಲೆ ಅಲ್ಲಿಗೆ ಹೋಗಿ ಕಾವೇರಿಯನ್ನು ಸೇರುವ ಹಾಗೆ, ನಮ್ಮ ಮನೆಯ ರಜೆಗಳೂ ಹಬ್ಬಗಳೂ ಕೊನೆಗೆ ಅಲ್ಲಿಗೇ ಹೋಗಿ ಸೇರುತ್ತವೆ. ಸ್ನಾನ ಆಯಿತು, ಗುಂಜಾ ನರಸಿಂಹಸ್ವಾಮಿಯ ದರ್ಶನವೂ ಆಯಿತು. ಮಗಳು ಹೊರಡುವ ಹಿಂದಿನ ರಾತ್ರಿ ಅವಳಮ್ಮನ ಕೈಗೆ ಒಂದು ಕೆಂಪು ಸೀಸೆ ಇಟ್ಟಳು. ಇವಳು ಮುಚ್ಚಳ ತೆಗೆದು ಮೂಸಿದಳು, ಮುಖ ಹಿಂದಕ್ಕೆಳೆದುಕೊಂಡಳು.

“ಇದೇನೇ ಇದು, ಛತ್ರದಲ್ಲಿ ರಾತ್ರಿ ಮಿಕ್ಕಿದ ಹೂವಿನ ಬುಟ್ಟಿ ಬೆಳಿಗ್ಗೆ ತೆಗೆದ ಹಾಗಿದೆ!”

ಮಗಳ ಮುಖ ಸಪ್ಪಗಾಯಿತು. ಅವಳು ವಿಮಾನ ಹತ್ತಿದ ಮೇಲೆ ಸೀಸೆ ಬೀರುವಿನ ಮೇಲಿನ ತಟ್ಟಿಗೆ, ಹಳೇ ಕನ್ನಡಕ, ಬಳಸದ ಗಡಿಯಾರಗಳ ಪಕ್ಕಕ್ಕೆ ಹೋಯಿತು. ಅಲ್ಲಿಂದ ಅದನ್ನು ಇಳಿಸಿದವನು ನಾನು. ಹೆಂಗಸರ ಸೆಂಟು ಎನ್ನುವುದು ಗೊತ್ತಿತ್ತು. ನಂಜನಗೂಡಿನಲ್ಲಿ ಅದನ್ನು ಯಾರು ಕಂಡುಹಿಡಿಯುತ್ತಾರೆ ಎನ್ನುವ ಧೈರ್ಯವೂ ಇತ್ತು.

ಬೇಲಿಯ ಹತ್ತಿರ ಹೋದೆ.

“ಏನ್ ಸಾ ಅದು ಕೆಂಪಗ? ಕೆಮ್ಮಿನ ಟಾನಿಕ್ಕಾ?”

“ಸಂಸಾರ ಕಣಯ್ಯ.”

“ಸಂಸಾರ್ವಾ! ಅದ್ನೂವೆ ಬಾಟ್ಲಿಗ ತುಂಬ್ಯಾರ?”

“ತುಂಬಿದ್ದಾರೆ. ಪ್ಯಾರಿಸ್ಸಿನಲ್ಲಿ ಗೆರ್ಲ್ಯಾಂ ಅಂತ ಒಂದು ಮನೆ, 1828ರಿಂದ ಇದೇ ಕಸುಬು. ಈ ‘ಸಂಸಾರ’ವನ್ನ ಮಾರುಕಟ್ಟೆಗೆ ಬಿಟ್ಟಿದ್ದು 1989ರಲ್ಲಿ.”

“ಎಷ್ಟಂತ ಸಾ?”

“ಮಗಳು ಬಾಯಿ ಬಿಡಲಿಲ್ಲ.”

“ಅಂಗಾರ ಜಾಸ್ತಿನೇ ಅದ ಬುಡಿ.”

ಬೇಲಿಯ ಕಂಡಿಯಿಂದ ಕೈ ಈಚೆಗೆ ಚಾಚಿದ. ಮಣಿಕಟ್ಟಿಗೆ ಒಂದು ಸಲ ಪುಸ್ ಅನ್ನಿಸಿದೆ. ಮೂಸಿದ, ಸೀನಿದ, “ಘಾಟು ಸಾ” ಅಂದ. ಹಾಲು ತರಲು ಹೊರಟುಹೋದ. ನಾನೂ ನನ್ನ ಕೈಗೆ ಒಂದಿಷ್ಟು ಹಾಕಿಕೊಂಡು ಪೇಪರು ಹಿಡಿದು ಕುಳಿತೆ. ಇಲ್ಲಿಗೆ ವಿಮರ್ಶೆ ಮುಗಿಯಬೇಕಿತ್ತು: ಘಾಟು, ದುಬಾರಿ, ನಮಗಲ್ಲ.

ಒಂದು ಗಂಟೆ ಕಳೆದಿರಬೇಕು. ಬೇಲಿಯ ಆಚೆಯಿಂದ ಗಾರ್ಡಪ್ಪ ಕೂಗಿದ. ದನಿ ಬೇರೆಯಾಗಿತ್ತು.

“ಸಾ, ಇದ್ರಲ್ಲಿ ಗಂಧ ಅದ.”

“ಇರಬಹುದು.”

“ಇರಬೌದಲ್ಲ, ಅದ. ಚೇಗಿನ ವಾಸ್ನ. ಹಾಲಿನ ಅಂಗ್ಡಿ ತಾವ ನಿಂತಿದ್ದಿ, ನಂಗ ಎದ ಡವಗುಟ್ಟಕ್ಕ ಸುರುವಾಯ್ತು ಕನ ಸಾ.”

ಸೆಂಟು ಮೂಸಿ ಎದೆ ಡವಗುಟ್ಟಿತು ಎಂದರೆ ನಾವು ಅರ್ಥ ಮಾಡಿಕೊಳ್ಳುವುದೇ ಬೇರೆ. ನಾನು ಕಿಸಕ್ಕನೆ ನಕ್ಕೆ. ಅವನು ನಗಲಿಲ್ಲ. ಆಮೇಲೆ ಅವನು ಹೇಳಿದ್ದನ್ನು ಕೇಳಿ ನನಗೂ ನಗು ನಿಂತಿತು.

ಗಂಧದ ಮರ ನಿಂತಿರುವಾಗ ವಾಸನೆ ಕೊಡುವುದಿಲ್ಲ. ಎಲೆಯನ್ನು ಹಿಸುಕಿ ಮೂಸಿ, ಬರೀ ಸೊಪ್ಪಿನ ವಾಸನೆ. ಹೂವನ್ನು ಮೂಸಿ, ಅಲ್ಲೂ ಇಲ್ಲ. ತೊಗಟೆಯ ಒಳಗಿನ ಬಿಳಿಯ ಮರದಲ್ಲೂ ಇಲ್ಲ. ಅದರ ಒಳಗೆ, ವಯಸ್ಸಾದ ಮೇಲೆ ಕಟ್ಟುವ ಕಂದು ಬಣ್ಣದ ಚೇಗಿದೆಯಲ್ಲ, ಎಣ್ಣೆ ಇರುವುದು ಅಲ್ಲಿ. ಬೇರಿನಲ್ಲಿ ಇನ್ನೂ ಹೆಚ್ಚು. ಅದಕ್ಕೇ ಗಂಧದ ಮರವನ್ನು ಕಡಿಯುವುದಿಲ್ಲ, ಬುಡ ಅಗೆದು ಬೇರುಸಮೇತ ಕೀಳುತ್ತಾರೆ.

“ಅಂದ್ರ ಏನಾಯ್ತು? ರಾತ್ರ ಬೀಟಲ್ಲಿ ಓಯ್ತಾ ಇವಿ, ಗಾಳಿಲಿ ಗಂಧದ ವಾಸ್ನ ಬಂತು ಅಂದ್ರ, ಅಲ್ಲಿ ಕೊಡ್ಲಿ ಬಿದ್ದದ ಅಂತ ಲೆಕ್ಕ. ಕೊಡ್ಲಿ ಇಡ್ದವ್ನು ಅಲ್ಲೇ ಅವನ. ಅವನ ಕೈಲಿ ಕೊಡ್ಲಿ ಒಂದೇ ಅದ್ಯೋ, ಬಂದೂಕನೂ ಅದ್ಯೋ, ಅದು ಮಾತ್ರ ಕತ್ಲಲ್ಲಿ ಗೊತ್ತಾಗದಿಲ್ಲ.”

ಗಾರ್ಡಪ್ಪ ಕೆಲವು ವರ್ಷ ಮಲೆ ಮಹದೇಶ್ವರ ಬೆಟ್ಟದ ಕಡೆಗಿದ್ದವನು. ಗಂಧಗಳ್ಳ ವೀರಪ್ಪನ್ ಇನ್ನೂ ಇದ್ದ ಕಾಲ. ಐಎಫ್‌ಎಸ್ ಅಧಿಕಾರಿ ಪಿ. ಶ್ರೀನಿವಾಸ್ ಅವನ ಕೈಯಲ್ಲಿ ಕೊಲೆಯಾದದ್ದು 1991ರ ನವೆಂಬರಿನಲ್ಲಿ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರಿನಲ್ಲಿ. ನಡುವಿನ ಹದಿಮೂರು ವರ್ಷ ಆ ಕಾಡಿನಲ್ಲಿ ಖಾಕಿ ಹಾಕಿಕೊಂಡು ಓಡಾಡಿದವರಿಗೆ ಗಂಧದ ಪರಿಮಳ ಎಂದರೆ ದೇವರ ಮನೆ ನೆನಪಾಗುವುದಿಲ್ಲ. ನಾನು ಮೂವತ್ತು ವರ್ಷ ತರಗತಿಯಲ್ಲಿ ‘ಶ್ರೀಗಂಧದ ನಾಡು’ ಎಂದು ಪ್ರಬಂಧ ಬರೆಸಿದ್ದೇನೆ. ಒಬ್ಬ ಹುಡುಗನೂ ಭಯದ ವಿಷಯ ಬರೆಯಲಿಲ್ಲ. ನನಗೂ ಹೊಳೆದಿರಲಿಲ್ಲ.

“ತೊಳಕೊಂಡುಬಿಡು ಹಾಗಾದರೆ” ಅಂದೆ.

“ಬುಡಿ ಸಾ, ಇರ್ಲಿ” ಅಂದವನು ಮತ್ತೆ ಮಣಿಕಟ್ಟು ಮೂಗಿಗೆ ಹಿಡಿದ. “ಈಗ ಕೊಡ್ಲಿ ಇಲ್ವಲ್ಲ.”

ಅವತ್ತಿನಿಂದ ಸಂಸಾರ ನಮ್ಮಿಬ್ಬರಿಗೂ ಹರಟೆಯ ವಸ್ತುವಾಯಿತು. ಸೀಸೆ ಬೇಲಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ. ಬೆಳಿಗ್ಗೆ ಒಂದು ಪುಸ್. ಆಮೇಲೆ ಅವರವರ ಕೆಲಸ. ಹತ್ತು ಗಂಟೆಗೊಮ್ಮೆ, ಊಟವಾದ ಮೇಲೊಮ್ಮೆ ಮೂಸಿ ವರದಿ ಒಪ್ಪಿಸುವುದು.

ನಮ್ಮ ವರದಿ ಹೀಗೆ. ಮೊದಲ ಹತ್ತು ನಿಮಿಷ ನಿಂಬೆ ಜಾತಿಯ ಚುರುಕು, ಜೊತೆಗೆ ಸ್ಪಿರಿಟ್ಟಿನ ಘಾಟು. ಇದು ಅಂಗಡಿಯ ಬಾಗಿಲಲ್ಲಿ ನಿಂತು ಕೂಗುವ ಹುಡುಗನ ಹಾಗೆ, ಇವನನ್ನು ನೋಡಿ ವ್ಯಾಪಾರ ಮಾಡಬಾರದು. ಆಮೇಲೆ ಹೂವು: ಮಲ್ಲಿಗೆ ಜಾತಿಯದೇ, ಆದರೆ ನಮ್ಮ ಮೊಳದ ಲೆಕ್ಕದ ಮಲ್ಲಿಗೆಯಲ್ಲ, ಜೊತೆಗೆ ಯಲಾಂಗ್ ಎನ್ನುವ ಇನ್ನೊಂದು. ಮನೋರಂಜಿತದ ಹೂವು ಮೂಸಿದವರಿಗೆ ಯಲಾಂಗ್ ಗುರುತು ಹತ್ತುತ್ತದೆ. ಎರಡೂ ಸೀತಾಫಲದ ಕುಟುಂಬದವು. ನಮ್ಮಾಕೆ ‘ಛತ್ರದ ಹೂಬುಟ್ಟಿ’ ಎಂದಳಲ್ಲ, ಅವಳು ಮೂಗು ಹಿಂದೆಗೆದದ್ದು ಈ ಘಟ್ಟದಲ್ಲಿ. ಒಂದೆರಡು ಗಂಟೆ ತಡೆದಿದ್ದರೆ ಗಂಧ ಸಿಗುತ್ತಿತ್ತು. ಅದು ಬಂದ ಮೇಲೆ ಹೋಗುವುದಿಲ್ಲ. ರಾತ್ರಿ ಹಾಸಿಗೆಗೆ ಹೋದಾಗಲೂ ಇರುತ್ತದೆ. ಮರುದಿನ ಅಂಗಿಯ ತೋಳಿನಲ್ಲಿ ಇರುತ್ತದೆ.

ಇದೇಕೆ ಹೀಗೆ ಎಂದು ಮಗಳನ್ನು ಕೇಳಿದೆ. ಹಗುರವಾದ ಅಣುಗಳು ಮೊದಲು ಹಾರಿಹೋಗುತ್ತವೆ, ಭಾರದವು ಚರ್ಮಕ್ಕೆ ಅಂಟಿಕೊಂಡು ಮೈಬಿಸಿಗೆ ನಿಧಾನವಾಗಿ ಏಳುತ್ತವೆ ಎಂದಳು. ಗಂಧದೆಣ್ಣೆಯ ಜೀವಾಳ ಸ್ಯಾಂಟಲಾಲ್ ಎನ್ನುವ ವಸ್ತು. ಒಳ್ಳೆಯ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ಅದೇ ಇರಬೇಕು. ಅದರ ಗುಣವೆಂದರೆ ತಾನು ನಿಧಾನ, ಜೊತೆಗಿದ್ದವರನ್ನೂ ನಿಧಾನ ಮಾಡುತ್ತದೆ. ಹೂವಿನ ಪರಿಮಳಕ್ಕೆ ಓಡಿಹೋಗಲು ಬಿಡುವುದಿಲ್ಲ. ಕನೌಜಿನ ಅತ್ತರಿನವರು ಗುಲಾಬಿಯನ್ನೋ ಮಲ್ಲಿಗೆಯನ್ನೋ ಹಂಡೆಯಲ್ಲಿ ಕುದಿಸಿ ಅದರ ಆವಿಯನ್ನು ಗಂಧದೆಣ್ಣೆಯೊಳಕ್ಕೇ ಇಳಿಸಿ ಹಿಡಿಯುತ್ತಿದ್ದದ್ದು ಇದಕ್ಕೇ. ಗಂಧ ಎಂದರೆ ತಂಬೂರಿ. ಯಾರೂ ತಂಬೂರಿ ಕೇಳಲು ಕಚೇರಿಗೆ ಹೋಗುವುದಿಲ್ಲ, ಅದು ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ತಿರುಮಕೂಡಲಿನ ಚೌಡಯ್ಯನವರು ತಮ್ಮ ಪಿಟೀಲು ಸಭೆಯ ಕೊನೆಯ ಸಾಲಿಗೂ ಕೇಳಲಿ ಎಂದು ತಂತಿ ಏಳು ಮಾಡಿಕೊಂಡರು. ಗಂಧಕ್ಕೆ ಆ ಆತುರ ಇಲ್ಲ. ಕೊನೆಯ ಸಾಲಿನವನೇ ಎದ್ದು ಹತ್ತಿರ ಬರಬೇಕು.

ಈ ‘ಸಂಸಾರ’ವನ್ನು ಕಟ್ಟಿದ ಜಾನ್ ಪಾಲ್ ಗೆರ್ಲ್ಯಾಂ ಎನ್ನುವಾತ ಆಗ ಮೈಸೂರಿನ ಗಂಧವನ್ನು ಧಾರಾಳವಾಗಿ ಹಾಕಿದ್ದನಂತೆ; ಜೊತೆಗೆ ಪ್ರಯೋಗಶಾಲೆಯಲ್ಲಿ ಮಾಡಿದ ಕೃತಕ ಗಂಧವೂ ಇತ್ತು. ಫ್ರಾನ್ಸಿನದೇ ಇನ್ನೊಂದು ಮನೆ, ಸೆರ್ಜ್ ಲ್ಯೂಟೆನ್ಸ್, ತನ್ನ ಸೆಂಟಿಗೆ ‘ಸಾಂತಾಲ್ ದ ಮೈಸೂರ್’ ಎಂದೇ ಹೆಸರಿಟ್ಟಿದೆ. ಅತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನನುರಾದಲ್ಲಿ ನಮ್ಮ ಗಂಧದ ಜಾತಿಯನ್ನೇ ಸಾವಿರಾರು ಎಕರೆ ಬೆಳೆಸಿ ಎಣ್ಣೆ ತೆಗೆಯುತ್ತಿದ್ದಾರೆ. ಇದನ್ನೆಲ್ಲ ಗಾರ್ಡಪ್ಪನಿಗೆ ಹೇಳಿದೆ.

“ಅಲ್ಲಿ ಅದ್ಕ ಗಾರ್ಡು ಅವ್ರಾ?”

“ಗೊತ್ತಿಲ್ಲಪ್ಪ. ಖಾಸಗಿಯವರು ಬೆಳೆಯೋದು.”

“ನಮ್ಮಲ್ಲಿ ರೈತ ಬೆಳದಿದ್ರ ನಾನ್ಯಾಕ ರಾತ್ರಯೆಲ್ಲ ನಾಯಿ ಅಲ್ದಂಗ ಅಲೀಬೇಕಿತ್ತು?”

ಅವನ ಮಾತಿನಲ್ಲಿ ತಿರುಳಿತ್ತು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ ಎಂದು ಸಾರಿದ. ಆಮೇಲೆ ಒಡೆಯರು ಬಂದರು, ಬ್ರಿಟಿಷ್ ಕಮಿಷನರುಗಳು ಬಂದರು, ಸ್ವಾತಂತ್ರ್ಯ ಬಂತು. ಮರ ಮಾತ್ರ ಸರ್ಕಾರದ್ದೇ. ನಿಮ್ಮ ಹೊಲದಲ್ಲಿ, ನಿಮ್ಮ ಹಿತ್ತಿಲಲ್ಲಿ ಹುಟ್ಟಿದರೂ ನೀವು ಅದರ ಕಾವಲುಗಾರ, ಒಡೆಯ ಅಲ್ಲ. ಕದ್ದರೆ ಮೊದಲು ವಿಚಾರಣೆ ನಿಮ್ಮದೇ. ರೈತ ಏನು ಮಾಡುತ್ತಾನೆ? ಎರಡೆಲೆ ಮೂಡಿದಾಗಲೇ ಕಿತ್ತು ಬಿಸಾಕುತ್ತಿದ್ದ. ಜಮೀನಿನ ಗಂಧ ಜಮೀನಿನವನದೇ ಎಂದು ಕಾನೂನು ತಿದ್ದಿದ್ದು 2001ರಲ್ಲಿ, ಇನ್ನೂರ ಒಂಬತ್ತು ವರ್ಷ ಆದ ಮೇಲೆ. ಅಷ್ಟರಲ್ಲಿ ಗಾರ್ಡಪ್ಪನ ಮಂಡಿ ಸವೆದಿತ್ತು.

ಹಾಗೆಂದು ಸರ್ಕಾರ ಮಾಡಿದ್ದೆಲ್ಲ ದಂಡ ಎನ್ನಲಾರೆ. ಈ ಸೆಂಟಿನ ನೆಪದಲ್ಲಿ ನನಗೊಂದು ಹಳೆಯ ಹೆಸರು ಕೈಗೆ ಸಿಕ್ಕಿತು, ಅದನ್ನು ಹೇಳದೆ ಮುಂದೆ ಹೋಗಲಾರೆ.

ಮೊದಲನೆಯ ಮಹಾಯುದ್ಧದವರೆಗೆ ಮೈಸೂರಿನ ಗಂಧದ ಕೊರಡು ಹರಾಜಾಗಿ ಹಡಗು ಹತ್ತಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ಭಟ್ಟಿ ಇಳಿಯುತ್ತಿದ್ದದ್ದು ಅಲ್ಲಿ. ಸೆಂಟಿಗೆ ಮಾತ್ರ ಅಲ್ಲ, ನಾಲ್ಕು ಜನರ ಮುಂದೆ ಹೇಳಬಾರದ ಒಂದು ಗಂಡಸರ ಕಾಯಿಲೆಗೂ ಅದೇ ಔಷಧ. ಪೆನಿಸಿಲಿನ್ ಬರುವವರೆಗೆ ಡಾಕ್ಟರುಗಳು ಗಂಧದೆಣ್ಣೆ ಬರೆದುಕೊಡುತ್ತಿದ್ದರು. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತಿತು. ಕೊರಡು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯನವರು, ಕೈಗಾರಿಕೆ ಇಲಾಖೆಯಲ್ಲಿ ಆಲ್‌ಫ್ರೆಡ್ ಚಾಟರ್ಟನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೊ ಮತ್ತು ವಾಟ್ಸನ್ ಎನ್ನುವ ಇಬ್ಬರು ಪ್ರೊಫೆಸರುಗಳು ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ನೂರು ಕೆಜಿ ಚೇಗನ್ನು ಪುಡಿ ಮಾಡಿ, ದಿನಗಟ್ಟಲೆ ಹಬೆ ಹಾಯಿಸಿದರೆ ನಾಲ್ಕೈದು ಕೆಜಿ ಎಣ್ಣೆ. ಅದೂ ಕೊನೆಕೊನೆಗೆ ಬರುವುದೇ ಒಳ್ಳೆಯದು. ಅವಸರ ಮಾಡಿ ಒಲೆ ಆರಿಸಿದರೆ ಎಣ್ಣೆ ಮರದಲ್ಲೇ ಉಳಿಯುತ್ತದೆ.

ಆಮೇಲೆ ಗಂಧದ ಸೋಪು. 1918. ಸೋಪಿನ ವಿದ್ಯೆ ಕಲಿತು ಬಾ ಎಂದು ವಿಶ್ವೇಶ್ವರಯ್ಯನವರು ಇಂಗ್ಲೆಂಡಿಗೆ ಕಳಿಸಿದ ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿ. ಜನರ ಬಾಯಲ್ಲಿ ‘ಸೋಪ್ ಶಾಸ್ತ್ರಿ’. ಆ ಕೋಳಿಮೊಟ್ಟೆಯಾಕಾರದ ಸೋಪು, ಒಡವೆ ಪೆಟ್ಟಿಗೆಯಂಥ ರಟ್ಟಿನ ಡಬ್ಬಿ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು, ಎಲ್ಲ ಆ ಕಾಲದಿಂದ ನಡೆದುಬಂದದ್ದು. ಕರಾಚಿಯಲ್ಲಿ ಇದರ ಪ್ರಚಾರಕ್ಕೆ ಒಂಟೆ ಮೆರವಣಿಗೆ ತೆಗೆದರಂತೆ.

ಎಸ್. ಜಿ. ಎಂದರೇನು? ನಾನು ಬೇಲಿಯ ಮುಂದೆ ನಿಂತು ಗಾರ್ಡಪ್ಪನನ್ನು ಪರೀಕ್ಷೆ ಮಾಡಿದೆ. ಅವನು ತಲೆ ಕೆರೆದುಕೊಂಡ.

“ಎಸ್ ಅಂದರೆ ಸೋಸಲೆ.”

“ನಮ್ಮ ನರ್ಸೀಪುರದ ಸೋಸ್ಲೇನಾ? ಮಠ ಅದಲ್ಲ, ವ್ಯಾಸರಾಜರದು?”

“ಅದೇ. ಜಿ ಅಂದರೆ ಗರಳಪುರಿ.”

“ಅದ್ಯಾವ ಊರು ಸಾ?”

“ನೀನು ನಿಂತಿರೋ ಊರು ಕಣಯ್ಯ! ಗರಳ ಅಂದರೆ ನಂಜು. ಗರಳಪುರಿ ಅಂದರೆ ನಂಜನಗೂಡು.”

ಗಾರ್ಡಪ್ಪ ಬಾಯಿ ಬಿಟ್ಟುಕೊಂಡು ಕೆಳಗೆ ನೆಲ ನೋಡಿದ. ಕನ್ನಡ ಮೇಷ್ಟ್ರಾಗಿ ನನಗೆ ಅವತ್ತು ಸಿಕ್ಕಷ್ಟು ಸಂತೋಷ ಪಿಂಚಣಿಯ ಮೊದಲ ತಿಂಗಳೂ ಸಿಕ್ಕಿರಲಿಲ್ಲ. ಮೈಸೂರಿನ ಪರಿಮಳವನ್ನು ಲೋಕಕ್ಕೆ ಹಂಚಿದವನ ಇನಿಷಿಯಲ್ಲಿನಲ್ಲಿ ನನ್ನ ಹೆಂಡತಿಯ ತಾಲ್ಲೂಕಿದೆ, ನನ್ನ ಊರಿದೆ. ಅದರಲ್ಲೂ ನನ್ನ ಊರು ನಂಜಿನ ಹೆಸರಿನದು. ಎರಡೂ ಊರಿನಲ್ಲಿ ಎಷ್ಟು ಜನರಿಗೆ ಇದು ಗೊತ್ತೋ ಕಾಣೆ. 2025ರಲ್ಲಿ ಸೋಪಿಗೆ ರಾಯಭಾರಿಯಾಗಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ಒಪ್ಪಿಸಿದಾಗ ರಾಜ್ಯದ ತುಂಬ ಗದ್ದಲವಾಯಿತು, ಕನ್ನಡದವರು ಯಾರೂ ಸಿಗಲಿಲ್ಲವೇ ಎಂದು. ನನ್ನ ತಕರಾರು ಅದಲ್ಲ. ಆ ನಟಿ ಚೆಲುವೆ, ಮಾಡಲಿ. ಸೋಸಲೆಯಲ್ಲಿ ಬಸ್ಸು ನಿಲ್ಲುವಲ್ಲಿ ಶಾಸ್ತ್ರಿಗಳ ಹೆಸರಿನ ಒಂದು ಕಲ್ಲು ನೆಡಲು ಎಷ್ಟು ಬೇಕಾದೀತು?

ಇಷ್ಟೆಲ್ಲ ನಡೆಯುತ್ತಿದ್ದಾಗ ಸೀಸೆಯ ನಿಜವಾದ ಒಡತಿ ಅಡುಗೆಮನೆಯಲ್ಲಿದ್ದಳು. ನನ್ನ ಮೈಯಿಂದ ದಿನಾ ಏನೋ ಬರುತ್ತಿದೆ ಎನ್ನುವುದು ಅವಳ ಗಮನಕ್ಕೆ ಬಂದಿತ್ತು. ಬಾಯಿಬಿಟ್ಟು ಕೇಳಲಿಲ್ಲ. ಒಂದು ದಿನ ನನ್ನ ಅಂಗಿ ಒಗೆಯಲು ಹಾಕುವಾಗ ತೋಳು ಮೂಸಿ, “ಇದೇನು, ದೇವಸ್ಥಾನಕ್ಕೆ ಹೋಗಿದ್ರಾ?” ಎಂದಳು. ಹೌದೆಂದೂ ಇಲ್ಲವೆಂದೂ ಹೇಳದೆ ತಪ್ಪಿಸಿಕೊಂಡೆ.

ಅವಳ ಮೂಗಿನ ಬಗ್ಗೆ ಒಂದು ಮಾತು ಹೇಳಬೇಕು. ನರಸೀಪುರದಲ್ಲಿ ಅವಳು ಬೆಳೆದ ಮನೆ ಸರ್ಕಾರಿ ರೇಷ್ಮೆ ಫಿಲೇಚರಿನ ಗಾಳಿ ಬೀಸುವ ಕಡೆ. ಗೂಡು ಬೇಯಿಸಿ ನೂಲು ತೆಗೆಯುವ ಜಾಗದಲ್ಲಿ ಸತ್ತ ಹುಳದ ನಾತ ಹೇಗಿರುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ನಾನು ಹೆಣ್ಣು ನೋಡಲು ಹೋದ ದಿನ ಕೇಸರಿಬಾತು ಬಾಯಿಗಿಟ್ಟವನು ನುಂಗಲಾರದೆ ಕಷ್ಟಪಟ್ಟೆ. ಅದನ್ನೇ ನಾಚಿಕೆ ಎಂದುಕೊಂಡರು, ಮದುವೆ ಕುದುರಿತು. ಇವಳೋ ನಂಜನಗೂಡಿಗೆ ಬಂದ ಮೊದಲ ತಿಂಗಳು, ಗಾಳಿ ಖಾಲಿ ಖಾಲಿ ಇದೆ, ನಿದ್ದೆ ಬರಲ್ಲ ಎಂದು ಅತ್ತವಳು. ಮೂಗಿಗೆ ಒಗ್ಗುವುದೆಂದರೆ ಇದು. ನನಗೂ ಮೂರನೆಯ ದೀಪಾವಳಿಯ ಹೊತ್ತಿಗೆ ಮಾವನ ಮನೆಯ ವಾಸನೆ ಸಿಹಿಯಾಗಿತ್ತು, ಹುಳ ಸಮೇತ.

ನಮ್ಮೂರಿನ ರಸಬಾಳೆಗೂ ಇದೇ ಗ್ರಹಚಾರ. ಬೇರೆ ಊರಿನವರು ಹಳದಿ ನೋಡಿ ಕೊಂಡು ತಿಂದು, ಇಷ್ಟೇನಾ ಅನ್ನುತ್ತಾರೆ. ಸಿಪ್ಪೆ ಕಪ್ಪಾಗಲಿ, ಬಿಸಾಡಬೇಕು ಅನ್ನಿಸಲಿ, ಆಗ ಸುಲಿಯಿರಿ. ಒಳಗೆ ತಿರುಳು ಗಟ್ಟಿಯಾಗೇ ಇರುತ್ತದೆ, ಮನೆಯೆಲ್ಲ ಘಮ್ಮೆನ್ನುತ್ತದೆ. ಸೊರಗು ರೋಗ ಬಂದು ತೋಟಗಳು ಹೋದ ಮೇಲೆ ಅಸಲಿ ರಸಬಾಳೆ ಸಿಗುವುದೇ ಅಪರೂಪ, ಅದಿರಲಿ.

ನಾಲ್ಕನೆಯ ತಿಂಗಳೋ ಐದನೆಯ ತಿಂಗಳೋ, ಸೀಸೆ ಒಗೆಯುವ ಕಲ್ಲಿನ ಮೇಲೆ ಕಾಣಲಿಲ್ಲ. ಗಾರ್ಡಪ್ಪ ಎಗರಿಸಿದನೋ ಎಂದು ಬೇಲಿಯ ಆಚೆ ಅನುಮಾನದಿಂದ ನೋಡಿದೆ. ಅವನೂ ನನ್ನನ್ನು ಹಾಗೇ ನೋಡುತ್ತಿದ್ದ. ಸೀಸೆ ಬೀರುವಿನ ಮೇಲೂ ಇರಲಿಲ್ಲ. ದೇವರ ಮನೆಯಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿತ್ತು. ಎರಡೂ ಕೆಂಪು, ಮೊದಲು ನನಗೆ ಕಾಣಿಸಲೇ ಇಲ್ಲ.

“ಅಲ್ಲ, ಇದು ಛತ್ರದ ಹೂಬುಟ್ಟಿ ಅಂದಿದ್ದೆ?”

“ಅದು ಹಚ್ಚಿದ ತಕ್ಷಣ” ಎಂದಳು. “ನಾನು ಮಧ್ಯಾಹ್ನ ಹಚ್ಚಿಕೊಳ್ತೀನಿ. ಸಾಯಂಕಾಲ ದೇವಸ್ಥಾನಕ್ಕೆ ಹೋಗೋ ಹೊತ್ತಿಗೆ ಸರಿಯಾಗಿರುತ್ತೆ.”

ನಾವಿಬ್ಬರು ಗಂಡಸರು ಬೇಲಿಯ ಬಳಿ ಐದು ತಿಂಗಳು ಸಂಶೋಧನೆ ಮಾಡಿ ಕಂಡುಕೊಂಡದ್ದನ್ನು ಅವಳು ಅಡುಗೆಯ ನಡುವೆ ಕಂಡುಕೊಂಡು, ಅದಕ್ಕೆ ಬೇಕಾದ ಹೊತ್ತನ್ನೂ ಹಿಂದಕ್ಕೆ ಎಣಿಸಿಟ್ಟಿದ್ದಳು. ಇಡ್ಲಿ ಹಿಟ್ಟು ಹುದುಗುವ ಲೆಕ್ಕ ಇಟ್ಟವರಿಗೆ ಇದೇನು ದೊಡ್ಡದಲ್ಲ.

ಕೊನೆಗೆ ಒಂದು ಪಂದ್ಯ ಕಟ್ಟಿದೆವು. ಮೈಸೂರಿಗೆ ಹೋದಾಗ ಸರ್ಕಾರಿ ಮಳಿಗೆಯಿಂದ ಬೆರಳುದ್ದದ ಅಸಲಿ ಗಂಧದೆಣ್ಣೆಯ ಸೀಸೆ ತಂದೆ. ನಮ್ಮಾಕೆಯ ಎಡಗೈಗೆ ಎಣ್ಣೆ, ಬಲಗೈಗೆ ಸಂಸಾರ. ತೀರ್ಪುಗಾರರು ಬೇಲಿಯ ಎರಡೂ ಕಡೆ. ಮೊದಲ ಗಂಟೆ ಸಂಸಾರಕ್ಕೇ ಜಯ. ಎಣ್ಣೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು, ಹಾಲಿನ ಕೆನೆಯ ಹಾಗೆ ಮಂದ. ಮಧ್ಯಾಹ್ನ ಸರಿಸಮ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಲಗೈಯಲ್ಲಿ ಗಂಧದ ಜೊತೆ ಏನೋ ಸಿಹಿ, ವೆನಿಲ್ಲಾ ಬಿಸ್ಕತ್ತಿನಂಥದು ಉಳಿದಿತ್ತು. ಎಡಗೈಯಲ್ಲಿ ಬೇರೇನೂ ಇಲ್ಲ. ಬರೀ ಗಂಧ.

ಗಾರ್ಡಪ್ಪ ಎಡಗೈಯ ಪರ. ನಾನು ಬಲಗೈಯ ಪರ, ಮಗಳ ದುಡ್ಡಲ್ಲವೇ. ನಮ್ಮಾಕೆ ಎರಡನ್ನೂ ಮೂಗಿಗೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ಅವಳ ತವರಿನ ನರಸಿಂಹನ ಮಹಿಮೆ ನಿಮಗೆ ಗೊತ್ತಲ್ಲ. ಕಾಶಿಗಿಂತ ಆ ಕ್ಷೇತ್ರ ಒಂದೇ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ, ಗುಂಜಾ ನರಸಿಂಹ ಎಂಬ ಹೆಸರು ಅದರಿಂದ.

“ನಮ್ಮದು ಒಂದು ಗುಲಗಂಜಿ ಜಾಸ್ತಿ” ಎಂದಳು. “ಆದರೆ ಅದನ್ನ ಹಬ್ಬಕ್ಕೆ ಇಡ್ತೀನಿ. ದಿನಾ ಹಚ್ಚೋಕೆ ಸಂಸಾರವೇ ಸರಿ.”

ತೀರ್ಪು ಬಂದ ಮೇಲೆ ಅಪೀಲಿಲ್ಲ. ಆದರೆ ಬೇಲಿಯ ಕತೆ ಮುಗಿದಿಲ್ಲ. ಮೊನ್ನೆ ಮಳೆ ನಿಂತ ಮೇಲೆ ದಾಸವಾಳ ಸವರುತ್ತಿದ್ದೆ. ಗಾರ್ಡಪ್ಪ ಇದ್ದಕ್ಕಿದ್ದಂತೆ “ತಡೀರಿ ಸ್ವಾಮಿ!” ಎಂದು ಕಿರುಚಿದ. ಸ್ವಾಮಿ ಎಂದ ಮೇಲೆ ಕತ್ತರಿ ತಾನಾಗಿ ನಿಂತಿತು. ಬೇಲಿಯ ನಡುವೆ ಮೊಣಕಾಲೆತ್ತರದ ಒಂದು ಗಿಡ. ನಾನು ಕಳೆ ಎಂದುಕೊಂಡಿದ್ದೆ. ಹಕ್ಕಿ ಹಣ್ಣು ತಿಂದು ಬೇಲಿಯ ಮೇಲೆ ಕೂತು ಹಾಕಿದ ಬೀಜ; ಗಂಧದ ಗಿಡ ಹೆಚ್ಚಾಗಿ ಹುಟ್ಟುವುದೇ ಬೇಲಿಯಲ್ಲಿ. ಅದು ಪೂರ್ತಿ ತನ್ನ ದುಡಿಮೆಯಲ್ಲಿ ಬದುಕುವ ಜಾತಿಯಲ್ಲ, ಅಕ್ಕಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಅಲ್ಲಿಂದಲೂ ಹೀರಿಕೊಳ್ಳುತ್ತದೆ. ಇದು ನನ್ನ ದಾಸವಾಳವನ್ನು ಹಿಡಿದಿದೆಯೋ ಅವನ ಕಣಗಿಲೆಯನ್ನೋ, ಅಗೆಯದೆ ಹೇಳಲಾಗದು. ಅಗೆಯುವುದಿಲ್ಲ.

“ಯಾರ್ದು ಸಾ ಇದು? ನಿಮ್ದಾ ನಮ್ದಾ?”

“2001ರ ಕಾನೂನಿನ ಪ್ರಕಾರ ಜಮೀನು ಯಾರದೋ ಅವರದು.”

“ಬೇಲಿ ಯಾರ್ದು?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚೇಗು ಕಟ್ಟಲು ಶುರುವಾಗುವುದಕ್ಕೇ ಹತ್ತು ಹದಿನೈದು ವರ್ಷ, ಎಣ್ಣೆ ಚೆನ್ನಾಗಿ ಕೂರಲು ಮೂವತ್ತು. ನನಗೀಗ ಅರವತ್ತಾರು, ಅವನಿಗೆ ಅರವತ್ತೆಂಟು. ಸದ್ಯಕ್ಕೆ ಗಿಡದ ಸುತ್ತ ಮೂರು ಕೋಲು ನೆಟ್ಟಿದ್ದೇವೆ, ಮೇಕೆ ಬಾಯಿ ಹಾಕದಿರಲಿ ಎಂದು. ರಾತ್ರಿ ಗಾರ್ಡಪ್ಪ ಒಂದು ಸುತ್ತು ಟಾರ್ಚು ಬಿಟ್ಟು ನೋಡಿ ಮಲಗುತ್ತಾನೆ.

ನೀವು ಯಾರಾದರೂ ದುಬಾರಿ ಸೆಂಟು ಕೊಳ್ಳಲು ಹೊರಟಿದ್ದರೆ, ಅಂಗಡಿಯಲ್ಲಿ ಕೈಗೆ ಹಾಕಿಸಿಕೊಂಡು ದುಡ್ಡು ಕೊಡದೆ ಹೊರಗೆ ಬನ್ನಿ. ಊಟ ಮಾಡಿ, ಒಂದು ಗಳಿಗೆ ಅಡ್ಡಾಗಿ, ಎದ್ದ ಮೇಲೆ ಮೂಸಿ ನೋಡಿ. ಆಗಲೂ ಬೇಕೆನ್ನಿಸಿದರೆ ನಾಳೆ ಹೋಗಿ ತನ್ನಿ.